ಹಳದಿ ಕಾರ್ಡಿನ ಮೇಲಿನ ದುಂಡಕ್ಷರ

ನನಗೊಂದು ಚಟವಿದೆ. ಎಲೆಅಡಿಕೆ, ಬೀಡಿ, ಇಸ್ಪೀಟು ಯಾವುದೂ ಅಲ್ಲ. ಅಂಥ ಚಟಗಳಿಗೆ ಬೇಕಾದ ಧೈರ್ಯ ನನಗೆ ಎಂದೂ ಬರಲಿಲ್ಲ. ಆರೋಗ್ಯ ಕೇಂದ್ರದ ಸಿಸ್ಟರು ಐಸಿನ ಡಬ್ಬಿ ಹಿಡಿದು ಬಸ್ಸಿಳಿದರೆಂದರೆ ಸಾಕು, ನನ್ನ ಬಲಗೈ ತಾನಾಗಿಯೇ ಎಡತೋಳಿನ ಅಂಗಿಯನ್ನು ಮೇಲಕ್ಕೆ ಮಡಚತೊಡಗುತ್ತದೆ. ಸಂತೆಕಲ್ಲೂರಿನ ಶಾಲೆಯಲ್ಲಿ ಮಾಸ್ತರನಾಗಿ ಹದಿನಾರು ವರ್ಷವಾಯಿತು. ಮಕ್ಕಳಿಗೆ ಸೂಜಿ ಹಾಕುವ ದಿನ ಸಾಲಿನ ಮೊದಲಿಗೆ ನಿಲ್ಲುವವನು ನಾನು. "ನಿಮಗ ಈ ವರ್ಷದ್ದು ಆಗೇತ್ರಿ ಮಾಸ್ತರ್ರ, ಮತ್ತ ಯಾಕ ಬಂದ್ರಿ" ಎಂದು ಸಿಸ್ಟರು ಗದರಿಸಿದರೆ, ಮಕ್ಕಳು ನೋಡಲಿ, ಸುಮ್ಮನೆ ಹತ್ತಿಯನ್ನಾದರೂ ಒತ್ತಿ ಎನ್ನುತ್ತೇನೆ. ಊರಿನವರು ನನಗೆ ಸೂಜಿ ಮಾಸ್ತರ ಎಂದು ಹೆಸರಿಟ್ಟಿದ್ದಾರೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯರಿಗೆ ನನ್ನ ನಿಜವಾದ ಹೆಸರು ಗೊತ್ತಿಲ್ಲ.

ಈ ಚಟದ ಮೂಲ ಒಂದು ಸಣ್ಣ ಹಳದಿ ಕಾರ್ಡು. ಕಳೆದ ತಿಂಗಳು ಮಸ್ಕಿಯ ನಮ್ಮ ಮನೆಗೆ ಸುಣ್ಣ ಬಳಿಸಲೆಂದು ಸಾಮಾನುಗಳನ್ನು ಅಂಗಳಕ್ಕೆ ತಂದಿಟ್ಟಿದ್ದೆವು. ಅಕ್ಕನ ತಗಡಿನ ಟ್ರಂಕನ್ನು ಝಾಡಿಸುತ್ತಿದ್ದ ಅವಳ ಮಗಳು ಅಂಬಿಕಾಳ ಕೈಗೆ ಅದು ಸಿಕ್ಕಿತು. ಕಾಮಾಲೆಯವರ ಕಣ್ಣಿನ ಬಣ್ಣದ ರಟ್ಟು, ಒಳಗೆ ಮಡಚಿದ ಹಾಳೆ, ಹಾಳೆಯ ಮೇಲೆ ಅವಳ ಅಪ್ಪನ ಹೆಸರು. ಪರದೇಶಕ್ಕೆ ಹೋಗುವವರು ಹಳದಿ ಜ್ವರದ ಸೂಜಿ ಹಾಕಿಸಿಕೊಂಡಿದ್ದಾರೆ ಎಂಬುದಕ್ಕೆ ಗುರುತಾಗಿ ಕೊಡುವ ಕಾರ್ಡು. ಅದರಲ್ಲಿನ ಅಕ್ಷರ ನನ್ನದು. ಬಹಳ ಚೆಂದದ ಅಕ್ಷರ. ಆ ಚೆಂದಕ್ಕೆ ಒಬ್ಬ ಮನುಷ್ಯ ಸತ್ತ. ಈ ಹುಡುಗಿ ಎಂದಾದರೊಂದು ದಿನ ಅದನ್ನು ಓದಿಯಾಳು ಎಂದು ನಾನು ಹದಿನೇಳು ವರ್ಷ ಹೆದರಿಕೊಂಡು ಬದುಕಿದ್ದೆ.

ನಗಬೇಡಿ, ಸೂಜಿಗೆ ನನ್ನಷ್ಟು ಹೆದರಿದವರು ಮಸ್ಕಿಯಲ್ಲಿ ಮತ್ತೊಬ್ಬರಿರಲಿಲ್ಲ. ನಾವು ಚಿಕ್ಕವರಿದ್ದಾಗ ಸಿಡುಬಿನ ಸೂಜಿ ಹಾಕುವವರು ಚರ್ಮದ ಚೀಲ ನೇತುಹಾಕಿಕೊಂಡು ಸೈಕಲ್ಲಿನ ಮೇಲೆ ಬರುತ್ತಿದ್ದರು. ನಮ್ಮ ಕಡೆ ಅದಕ್ಕೆ ದೇವಿ ಹಾಕಿಸುವುದು ಎನ್ನುತ್ತಿದ್ದರು. ಸೈಕಲ್ಲಿನ ಗಂಟೆ ಕೇಳಿದ್ದೇ ತಡ, ನಾನು ಹಿತ್ತಿಲಿಗೆ ಓಡಿ ಜೋಳದ ಕಣಕಿಯ ಬಣವೆಯೊಳಗೆ ತಲೆ ತೂರಿಸುತ್ತಿದ್ದೆ. ತಲೆ ಒಳಗೆ ಹೋದರೆ ಇಡೀ ಮನುಷ್ಯ ಒಳಗೆ ಹೋದಂತೆ ಎಂಬುದು ಅಂದಿನ ನನ್ನ ತಿಳುವಳಿಕೆ. ಹೊರಗೆ ಉಳಿದ ಎರಡು ಕಾಲುಗಳನ್ನು ಹಿಡಿದು ಅಕ್ಕ ಎಳೆಯುತ್ತಿದ್ದಳು. ಅಕ್ಕ ನೀಲಮ್ಮ ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು. ತನಗೆ ಹಾಕುವಾಗ ಹಲ್ಲು ಕಚ್ಚಿ ಸುಮ್ಮನೆ ನಿಂತು, ನನಗೆ ಹಾಕುವಾಗ ಅಳುತ್ತಿದ್ದಳು.

ಸೂಜಿಯ ಉರಿ ಅರ್ಧ ಗಳಿಗೆಯದು, ಆಮೇಲಿನ ಕಟ್ಟಳೆ ಮೂರು ವಾರದ್ದು. ದೇವಿ ಹಾಕಿಸಿಕೊಂಡವರ ಮೈಯಲ್ಲಿ ದೇವಿಯೇ ಬಂದು ಕೂತಿರುತ್ತಾಳೆ ಎಂದು ಅವ್ವನ ನಂಬಿಕೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದಳು. ಒಗ್ಗರಣೆಯ ಚಟಪಟ ಸದ್ದು ಮನೆಯಲ್ಲಿ ಕೇಳುವಂತಿಲ್ಲ. ಮೊಸರು ಕಲಸಿದ ಜೋಳದ ನುಚ್ಚು ತಿಂದು ತಿಂದು ನಾಲಿಗೆ ಸತ್ತುಹೋಗುತ್ತಿತ್ತು. ಎಲ್ಲಕ್ಕಿಂತ ಬಿಗಿಯಾದ ಕಟ್ಟಳೆ ಬಾಣಂತಿಯರದು. ದೇವಿ ಹಾಕಿಸಿಕೊಂಡವರು ಇಪ್ಪತ್ತೊಂದು ದಿನ ಬಾಣಂತಿ ಇರುವ ಮನೆಯ ಹೊಸ್ತಿಲು ದಾಟಬಾರದು, ಹಸಿಗೂಸನ್ನು ನೋಡಬಾರದು. ನೋಡಿದರೆ ದೇವಿ ಕೂಸಿನ ಮೈಗೆ ದಾಟುತ್ತಾಳೆ. ಅವ್ವನ ಚೊಚ್ಚಲ ಕೂಸು ಹಾಗೆ ಹೋಗಿತ್ತಂತೆ. ಅದಕ್ಕೇ ಈ ಒಂದು ಮಾತಿನಲ್ಲಿ ಅವಳು ಯಾರಿಗೂ ಬಗ್ಗುತ್ತಿರಲಿಲ್ಲ.

ಸೂಜಿಯಿಂದ ಅಕ್ಷರಕ್ಕೆ ಬರುತ್ತೇನೆ. ದೇವರು ನನಗೆ ರೂಪ ಕೊಡಲಿಲ್ಲ, ಕಂಠ ಕೊಡಲಿಲ್ಲ, ಗಣಿತವನ್ನಂತೂ ಕೊಡಲೇ ಇಲ್ಲ. ದುಂಡಗಿನ ಅಕ್ಷರ ಒಂದನ್ನು ಕೊಟ್ಟ. ಮಸ್ಕಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಪತ್ರಿಕೆಯ ಮೇಲಿನ ವಿಳಾಸ ನಾನೇ ಬರೆಯಬೇಕು. ತಹಶೀಲಿಗೆ ಕೊಡುವ ಅರ್ಜಿ ನಾನೇ ಬರೆಯಬೇಕು. ಇಂಗ್ಲಿಷಿನ ಏಳು ಬರೆದರೆ ಅದರ ನಡುವೆ ಒಂದು ಅಡ್ಡಗೆರೆ ಎಳೆಯುವುದು ನನ್ನ ಶೋಕಿ. ಯಾರೋ ದೊಡ್ಡ ಅಧಿಕಾರಿ ಹಾಗೆ ಬರೆದದ್ದನ್ನು ಕಂಡು ಕಲಿತದ್ದು. ಪಾತ್ರೆ ಮಾರುವ ಬೋಕಿಯ ಅಂಗಡಿಯಲ್ಲಿ ಹಿತ್ತಾಳೆ ತಂಬಿಗೆಯ ಮೇಲೆ ಹೆಸರು ಕೊರೆಸುವವರು ಮೊದಲು ನನ್ನ ಕೈಯಲ್ಲಿ ಬರೆಸಿ, ಆ ಗೆರೆಯ ಮೇಲೆಯೇ ಉಳಿ ಓಡಿಸುತ್ತಿದ್ದರು. ಇಷ್ಟು ಹೊಗಳಿಕೆ ಸಿಕ್ಕರೆ ಇಪ್ಪತ್ತು ದಾಟಿದ ಯಾವ ಹುಡುಗನ ತಲೆ ನೆಲದ ಮೇಲಿರುತ್ತದೆ?

ಆ ದಿನಗಳಲ್ಲಿಯೇ, ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದಾಗ, ಅಕ್ಕ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಭಾವ ಅಮರಪ್ಪ ಗುರುಗುಂಟಾದವರು. ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಫಿಟ್ಟರು. ಮಿಲ್ಲು ಕೆಟ್ಟು ನಿಂತರೆ ಕಿವಿಯನ್ನು ಗೋಡೆಗೆ ಹಚ್ಚಿ ಯಾವ ಬೇರಿಂಗು ಸವೆದಿದೆ ಎಂದು ಹೇಳುತ್ತಿದ್ದರು. ಅವರ ಉಗುರಿನ ಸಂದಿಯಲ್ಲಿ ಸದಾ ಗ್ರೀಸು, ತಲೆಗೂದಲಲ್ಲಿ ಸದಾ ತೌಡು. ಅಕ್ಷರ ಮಾತ್ರ ಅತಿ ಕೆಟ್ಟದ್ದು. ಒಂದು ಗೆರೆಯಲ್ಲಿ ಶುರುಮಾಡಿದರೆ ಮೂರನೆಯ ಗೆರೆಯಲ್ಲಿ ಮುಗಿಯುತ್ತಿತ್ತು. ನನ್ನನ್ನು ಬಾಯಿ ತುಂಬ ಮಾಸ್ತರ್ರ ಎಂದು ಕರೆಯುತ್ತಿದ್ದರು. ನಾನು ಇನ್ನೂ ಮಾಸ್ತರನಾಗಿರಲಿಲ್ಲ, ಅರ್ಜಿ ಹಾಕಿ ಕೂತಿದ್ದೆ.

ಮಿಲ್ಲಿನ ಸಾವ್ಕಾರರು ಕಾಲುವೆ ನೀರಿಗೆ ಬಂದು ನೆಲೆಸಿದ ಕ್ಯಾಂಪಿನವರು, ತೆಲುಗರು. ಅವರ ನೆಂಟರೊಬ್ಬರು ಆಫ್ರಿಕಾದಲ್ಲಿ ಭತ್ತದ ಮಿಲ್ಲು ಹಾಕಿದ್ದರು. ಅಲ್ಲಿಗೆ ನಾಲ್ವರು ಕೆಲಸಗಾರರು ಬೇಕು, ಎರಡು ವರ್ಷದ ಕೆಲಸ. ಮೂವರು ಕ್ಯಾಂಪಿನವರು, ನಾಲ್ಕನೆಯವರು ನಮ್ಮ ಭಾವ. ವಿಮಾನದ ದಿನವೂ ಗೊತ್ತಾಯಿತು. ಆ ದೇಶದಲ್ಲಿ ಹಳದಿ ಜ್ವರವಂತೆ. ಸೂಜಿ ಹಾಕಿಸಿಕೊಂಡ ಕಾರ್ಡು ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ವಾಪಸು. ಆ ಸೂಜಿ ಸಿಂಧನೂರಿನಲ್ಲಿ ಇಲ್ಲ, ಲಿಂಗಸುಗೂರಿನಲ್ಲಿ ಇಲ್ಲ, ರಾಯಚೂರಿನಲ್ಲೂ ಇಲ್ಲ, ಮುಂಬೈಗೇ ಹೋಗಬೇಕು. ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲೆಯೇ ಅದಕ್ಕೆ ಕಿಮ್ಮತ್ತು. ಕ್ಯಾಂಪಿನ ಮೂವರು ಹೋಗಿ ಹಾಕಿಸಿಕೊಂಡೂ ಬಂದರು. ಅಕ್ಕನಿಗೆ ದಿನ ತುಂಬಿದ್ದರಿಂದ ಭಾವ ಉಳಿದರು.

ಇಲ್ಲಿ ಅಕ್ಕನಿಗೆ ಹೆಣ್ಣುಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ನಿಕ್ಕಿಯಾಯಿತು. ವಿಮಾನ ಇದ್ದದ್ದು ತೊಟ್ಟಿಲಾದ ಹನ್ನೊಂದನೆಯ ದಿನ. ತೊಟ್ಟಿಲು ಮುಗಿಸಿಕೊಂಡು ಮುಂಬೈಗೆ ಹೋದರೆ ದಾರಿಯಲ್ಲೇ ಎರಡು ದಿನ ಕಳೆದು, ಹತ್ತು ದಿನದ ಲೆಕ್ಕ ಸಿಗುವುದಿಲ್ಲ. ಮುಂಚೆಯೇ ಹೋಗಿ ಸೂಜಿ ಹಾಕಿಸಿಕೊಂಡು ಬರುತ್ತೇನೆ ಎಂದು ಭಾವ ಹೇಳಲು ಬಂದರು. ಅವ್ವ ನಡುಮನೆಯ ಬಾಗಿಲಿಗೆ ಅಡ್ಡ ನಿಂತಳು.

"ದೇವಿ ಹಾಕಿಸ್ಕೊಂಡು ಬಂದ್ರ ಇಪ್ಪತ್ತೊಂದು ದಿನ ಈ ಹೊಸ್ತಿಲಾ ದಾಟಂಗಿಲ್ರಿ ಅಳಿಯಂದಿರ."

"ಅತ್ತಿ, ಇದು ಆ ದೇವಿ ಅಲ್ರಿ. ಇದು ಬ್ಯಾರೆ ಜ್ವರದ್ದು."

"ಯಾವ್ದಾದ್ರೂ ಸೂಜ್ಯಾಗ ಇರಾಕಿ ಆಕಿನ. ನಾ ಒಂದು ಕಳಕೊಂಡೀನಿ. ಇನ್ನೊಂದು ಕಳಕೊಳ್ಳಾಕ ಆಗಂಗಿಲ್ಲ."

ಒಳಕೋಣೆಯಿಂದ ಅಕ್ಕನ ದನಿ ಬಂತು. ಬಾಣಂತಿ ಗಂಡನೊಡನೆ ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಆದ್ದರಿಂದ ನನ್ನನ್ನು ಕರೆದು ಹೇಳಿದಳು. "ತಮ್ಮಾ, ಎರಡು ವರ್ಷ ಹೊಂಟಾರ. ಕೂಸಿನ ಮಾರಿ ನೋಡಲಾರದ ಹೋಗಬ್ಯಾಡ್ರಿ ಅನ್ನು."

ವಾರ ಬಿಟ್ಟು ಭಾವ ನನ್ನನ್ನು ಸಿಂಧನೂರಿಗೆ ಕರೆದುಕೊಂಡು ಹೋದರು. ಅವರು ಕೇಳಿಕೊಂಡಿದ್ದಕ್ಕೆ ಮುಂಬೈಯ ಏಜೆಂಟನೊಬ್ಬ ಅಂಚೆಯಲ್ಲಿ ಕಾರ್ಡು ಕಳಿಸಿದ್ದ. ಹಳದಿ ರಟ್ಟು, ಒಳಗೆ ಶಿಕ್ಕಾ ಒತ್ತಿ, ಡಾಕ್ಟರರ ಸಹಿಯ ಜಾಗದಲ್ಲಿ ಏನೋ ಗೀಚಿತ್ತು. ಹೆಸರು, ತಾರೀಖು ಖಾಲಿ. ಒಳ್ಳೆಯ ಅಕ್ಷರದವರ ಕೈಯಲ್ಲಿ ತುಂಬಿಸಿ ಎಂದು ಚೀಟಿ ಇಟ್ಟಿದ್ದ.

ನಾನು ಬೇಡ ಎನ್ನಬಹುದಿತ್ತು. ಈ ಮಾತನ್ನು ಹದಿನೇಳು ವರ್ಷದಲ್ಲಿ ಎಷ್ಟು ಸಾರಿ ನನಗೇ ಹೇಳಿಕೊಂಡಿದ್ದೇನೋ. ಅಂದು ಮಾತ್ರ ಮಿಲ್ಲಿನ ಗುಮಾಸ್ತರು ಪೆನ್ನು ಕೊಟ್ಟು, "ಬರೀರಿ, ನಿಮ್ಮ ಕೈಗೆ ಯಾರ ಕೈ ಸಾಟಿ ಆದಾತು" ಎಂದಾಗ ಎದೆ ಉಬ್ಬಿತು. ಮೊದಲು ರದ್ದಿ ಕಾಗದದ ಮೇಲೆ ಮೂರು ಸಲ ರೂಢಿ ಮಾಡಿದೆ. ತಾರೀಖು ಯಾವುದು ಹಾಕುವುದು ಎಂಬ ಪ್ರಶ್ನೆ ಬಂತು. ವಿಮಾನಕ್ಕೆ ಹತ್ತು ದಿನ ಹಿಂದಿನದಾಗಿರಬೇಕು. ತೊಟ್ಟಿಲಿನ ದಿನವನ್ನೇ ಹಾಕಿದೆ. ಸ್ವಾಮಿಗಳು ಪಂಚಾಂಗ ನೋಡಿ ತೆಗೆದ ದಿನ, ಒಳ್ಳೆಯದಾಗಲಿ ಎಂದೇ ಹಾಕಿದೆ. ಏಳರ ನಡುವೆ ಅಡ್ಡಗೆರೆಯನ್ನೂ ಎಳೆದೆ. ಅದೇ ವಾರ ಬೋಕಿಯ ಅಂಗಡಿಯಲ್ಲಿ ಕೂಸಿಗೆ ಕೊಡುವ ತಂಬಿಗೆಯ ಮೇಲೂ ಅದೇ ತಾರೀಖು ಬರೆದುಕೊಟ್ಟೆ.

ಒಂದು ಮಾತು ಮಾತ್ರ ಹೇಳಿದ್ದೆ. "ಭಾವ, ಮುಂಬೈಯಾಗ ಎಂಟು ದಿನ ಇರ್ತೀರಲ್ಲ. ಕಾರ್ಡು ಇದು ಇರಲಿ, ಸೂಜಿ ಮಾತ್ರ ಖರೇನ ಹಾಕಿಸ್ಕೊಳ್ರಿ." ನನ್ನ ಪರವಾಗಿ ಹೇಳಿಕೊಳ್ಳಲು ಇರುವುದು ಅದೊಂದೇ. ಅವರು ಹೂಂ ಎಂದಿದ್ದರು.

ತೊಟ್ಟಿಲಿನ ದಿನ ಭಾವ ಇಡೀ ಹಗಲು ಮಗಳನ್ನು ಕೆಳಗಿಳಿಸಲಿಲ್ಲ. ಕೂಸಿನ ಎದೆಗೆ ಕಿವಿ ಹಚ್ಚಿ, "ಮಾಸ್ತರ್ರ, ಮಷೀನು ಒಂದೂ ಕೆಟ್ಟ ಸಪ್ಪಳಿಲ್ಲದ ಓಡಾಕತ್ತೇತಿ" ಎಂದು ನಕ್ಕರು. ಅಂಬಿಕಾ ಎಂದು ಹೆಸರಾಯಿತು. ಮರುದಿನ ಬೆಳಗಿನ ಬಸ್ಸಿಗೆ ಹೊರಟರು.

ಹದಿನೈದು ದಿನಕ್ಕೆ ಮುಂಬೈಯಿಂದ ಹಾಕಿದ ಕಾಗದ ಬಂತು. ಸೊಟ್ಟ ಅಕ್ಷರವನ್ನು ನಾನೇ ಬಿಡಿಸಿ ಓದಬೇಕು, ಮನೆಮಂದಿಯೆಲ್ಲ ಸುತ್ತ ಕೂತಿದ್ದರು. "ಮಾಸ್ತರ್ರ, ನೀವು ಹೇಳಿದಂಗ ಸೂಜಿ ಹಾಕಿಸ್ಕೊಳ್ಳಾಕ ಹೋಗಿದ್ದೆ. ಪಾಸ್‌ಪೋರ್ಟ್ ತೋರಸು ಅಂದ್ರು. ಅದರಾಗ ಕಾರ್ಡೂ ಇತ್ತು. ನಿನಗ ಮೊನ್ನೆನ ಆಗೇತಿ, ಇನ್ನು ಹತ್ತು ವರ್ಷ ಬ್ಯಾಡ, ಹಿಂದಿನವರು ಮುಂದ ಬರ್ರಿ ಅಂದ್ರು. ಇದು ಖೊಟ್ಟಿ ಕಾರ್ಡು ಅಂತ ನಾ ಹೆಂಗ ಹೇಳ್ಲಿ. ಸುಮ್ಮನ ಬಂದೆ. ಏನ ಅನ್ರಿ, ನಿಮ್ಮ ಅಕ್ಷರಕ್ಕ ಮುಂಬೈ ಡಾಕ್ಟರೂ ತಲಿ ಬಾಗಿದ."

ನಾನು ಆ ಕೊನೆಯ ಸಾಲನ್ನು ಎರಡು ಸಲ ಓದಿದೆ, ದನಿ ಏರಿಸಿ. ಎಲ್ಲರೂ ನಕ್ಕರು. ಅವ್ವನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಕ್ಕ ಮಾತ್ರ ಕೂಸಿನ ಬೆನ್ನು ತಟ್ಟುತ್ತಾ, "ಹಂಗಾರ ಹಾಕಿಸ್ಕೊಂಡಿಲ್ಲೇನು" ಎಂದು ಕೇಳಿದಳು. ನಾನು ಆ ಕಾಗದವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಒಂದು ವಾರ ಗೆಳೆಯರಿಗೆಲ್ಲ ತೋರಿಸುತ್ತಾ ತಿರುಗಿದೆ. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಏಳು ತಿಂಗಳಾಗಿತ್ತು. ಕೂಸು ಅಂಬೆಗಾಲಿಡುತ್ತಿತ್ತು. ಬೇಗ ಬರಬೇಕೆಂದು ಮಿಲ್ಲಿನಿಂದ ಕರೆ ಬಂತು, ನಾನೊಬ್ಬನೇ ಸಿಂಧನೂರಿಗೆ ಹೋದೆ. ಅವತ್ತು ಮಿಲ್ಲು ನಿಲ್ಲಿಸಿದ್ದರು. ಸದಾ ಗಡಗಡ ಅನ್ನುವ ಆ ಜಾಗ ಸುಮ್ಮನಿತ್ತು. ಜೊತೆಗೆ ಹೋಗಿದ್ದ ಮೂವರಲ್ಲಿ ಒಬ್ಬ ತೆಲುಗಿನಲ್ಲಿ ಬರೆದ ಕಾಗದವನ್ನು ಗುಮಾಸ್ತರು ಕನ್ನಡ ಮಾಡಿ ಓದಿದರು.

ಮೂರು ದಿನ ಜ್ವರ ಬಂತು, ಬಿಟ್ಟಿತು. ಅಮರಪ್ಪ ಎದ್ದು ಕೂತು ಚಹಾ ಕುಡಿದು, ನಾಳೆ ಮಿಲ್ಲಿಗೆ ಬರುತ್ತೇನೆ ಎಂದ. ಐದನೆಯ ದಿನ ಮತ್ತೆ ಏರಿತು. ಕಣ್ಣು ಹಳದಿಯಾದವು. ವಾಂತಿ ಕಪ್ಪಗೆ ಬಂತು. ಡಾಕ್ಟರರಿಗೆ ಕಾರ್ಡು ತೋರಿಸಿದೆವು. ಸೂಜಿ ಆಗಿದ್ದರೆ ಇದು ಆ ಜ್ವರ ಇರಲಾರದು ಎಂದು ಬೇರೆ ಏನೇನೋ ಹುಡುಕಿದರು. ಎಂಟನೆಯ ದಿನ ಹೋದ. ಇಲ್ಲಿಯೇ ಮಣ್ಣು ಮಾಡಿದೆವು. ನಾವು ನಾಲ್ವರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು, ಅದೇ ಸೊಳ್ಳೆಗಳು ನಮ್ಮನ್ನೂ ಕಚ್ಚಿವೆ. ನಮಗೆ ಮೂವರಿಗೂ ಏನೂ ಆಗಲಿಲ್ಲ. ಅವನಿಗೂ ಸೂಜಿ ಆಗಿತ್ತು, ಆದರೂ ಯಾಕೆ ಹೀಗಾಯಿತೋ ತಿಳಿಯದು.

"ಹಣೇಬರಾರಿ, ಏನ ಮಾಡೋದು" ಎಂದು ಗುಮಾಸ್ತರು ಕಾಗದ ಮಡಚಿದರು. ಪೆನ್ನು ಕೊಟ್ಟಿದ್ದವರು ಅವರೇ. ಅದು ಅವರಿಗೆ ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಹಣೆಯ ಮೇಲಿನ ಬರಹ ಯಾರದೋ ಗೊತ್ತಿಲ್ಲ, ಕಾರ್ಡಿನ ಮೇಲಿನದು ನನ್ನದು.

ಸುದ್ದಿ ಬಂದ ನಾಲ್ಕನೆಯ ದಿನ ಅವ್ವ ಬೆಳಗ್ಗೆ ಎದ್ದು, ಬಾಗಿಲಿನ ಮೇಲೆ ಒಣಗಿ ನೇತಾಡುತ್ತಿದ್ದ ಹಳೆಯ ಬೇವಿನ ಸೊಪ್ಪನ್ನು ಕಿತ್ತು ಒಲೆಗೆ ಹಾಕಿದಳು. ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದಳು. ನಾನು ಹಿಂದೆ ಓಡಿದೆ. ದವಾಖಾನೆಯ ಸಾಲಿನಲ್ಲಿ ನಿಂತು, ಕೂಸಿನ ತೊಡೆಯನ್ನು ತನ್ನ ಕೈಯಿಂದಲೇ ಗಟ್ಟಿಯಾಗಿ ಹಿಡಿದು, "ಎಷ್ಟು ಥರದ್ದು ಅದಾವ ಅಷ್ಟೂ ಹಾಕ್ರಿ ಯವ್ವಾ" ಎಂದಳು. ಸಿಸ್ಟರು ನಕ್ಕರು. ಅವ್ವ ನಗಲಿಲ್ಲ. ಆಮೇಲೆ ಆರು ವರ್ಷ ಬದುಕಿದ್ದಳು. ದೇವಿಯ ಮಾತನ್ನು ಮತ್ತೆ ಆಡಲಿಲ್ಲ, ಅಳಿಯನ ಹೆಸರನ್ನೂ ಎತ್ತಲಿಲ್ಲ.

ಪರದೇಶದಿಂದ ಭಾವನ ಟ್ರಂಕು ಬಂದದ್ದು ಅದಾದ ಮೇಲೆ. ಎರಡು ಅಂಗಿ, ಒಂದು ಸ್ಪ್ಯಾನರು, ಲಿಂಗದ ಕರಡಿಗೆ, ಮತ್ತು ಆ ಕಾರ್ಡು. ಅಕ್ಕ ಅದನ್ನು ಸುಟ್ಟಾಳು ಎಂದುಕೊಂಡಿದ್ದೆ. ಅಂಗಿಯ ಕೆಳಗಿಟ್ಟು ಮುಚ್ಚಿದಳು. ಆ ವರ್ಷವೇ ನನಗೆ ನೌಕರಿಯ ಆರ್ಡರು ಬಂತು. ನಿಜವಾಗಿಯೂ ಮಾಸ್ತರನಾದೆ, ಹಾಗೆ ಕರೆಯುತ್ತಿದ್ದವರು ಇರಲಿಲ್ಲ. ಅರ್ಜಿ, ವಿಳಾಸ, ತಂಬಿಗೆ ಎಲ್ಲ ಬರೆಯುವುದನ್ನು ಬಿಟ್ಟೆ. ಕರಿಹಲಗೆಯ ಮೇಲೆ ಬರೆಯುತ್ತೇನೆ, ಅದನ್ನು ಸಂಜೆ ಅಳಿಸಬಹುದು.

ಅಪ್ಪ ಪರದೇಶದಲ್ಲಿ ಜ್ವರ ಬಂದು ಹೋದರು ಎಂದಷ್ಟೇ ಅಂಬಿಕಾಳಿಗೆ ಹೇಳಿದ್ದೆವು. ಅವಳಿಗೆ ಅಪ್ಪ ಎಂದರೆ ಆ ತೊಟ್ಟಿಲಿನ ಒಂದು ದಿನ. "ಅವತ್ತು ನಿಮ್ಮಪ್ಪ ನಿನ್ನ ಕೆಳಗ ಇಳಿಸಲಿಲ್ಲ" ಎಂದು ಅಕ್ಕ ಸಾವಿರ ಸಲ ಹೇಳಿದ್ದಾಳೆ, ಅವಳು ಸಾವಿರ ಸಲ ಹೇಳಿಸಿಕೊಂಡಿದ್ದಾಳೆ. ಈಗ ಅವಳಿಗೆ ಹದಿನೇಳು ತುಂಬಿದೆ. ಲಿಂಗಸುಗೂರಿನ ಕಡೆ ಸಿಸ್ಟರ್ ತರಬೇತಿಗೆ ಸೇರಿದ್ದಾಳೆ. ಕಾರ್ಡು ಓದಲು ಬರುತ್ತದೆ.

ಸುಣ್ಣ ಬಳಿಸಿದ ದಿನ ಅವಳು ಕಾರ್ಡನ್ನು ಒಂದು ಕೈಯಲ್ಲಿ, ತನ್ನ ಹಿತ್ತಾಳೆಯ ತಂಬಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನನ್ನೆದುರು ಬಂದು ಕೂತಳು.

"ಮಾಮಾ, ಎರಡರಾಗೂ ಏಳರ ನಡುವ ಗೆರಿ ಐತಿ. ಎರಡೂ ನಿನ್ನ ಅಕ್ಷರ ಅಲ್ಲೇನು?"

ನಾನು ಹೌದು ಎಂದೆ.

"ತಾರೀಖೂ ಒಂದೇ ಐತಿ. ಅವತ್ತು ಅಪ್ಪ ಮುಂಬೈಯಾಗ ಸೂಜಿ ಹಾಕಿಸ್ಕೊಂಡಿದ್ರ ಇಲ್ಲಿ ನನ್ನ ಎತ್ತಿಕೊಂಡವರು ಯಾರು? ಯಾವುದು ಸುಳ್ಳು, ತೊಟ್ಟಿಲಾ, ಕಾರ್ಡಾ?"

ಆ ಒಂದು ದಿನವೂ ಕೈಬಿಟ್ಟೀತು ಎಂಬ ಭಯ ಅವಳಿಗೆ. ನನ್ನ ಹೆದರಿಕೆಯ ಮಾತು ಆಗ ಎಲ್ಲಿ ಹೋಯಿತೋ. "ಕಾರ್ಡು ಸುಳ್ಳು" ಎಂದೆ. "ತೊಟ್ಟಿಲು ಖರೆ. ನಾನ ಬರದೆ."

ಎಲ್ಲವನ್ನೂ ಹೇಳಿದೆ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅಕ್ಕ ತಲೆ ಎತ್ತದೆ ಕೇಳಿಸಿಕೊಂಡಳು. ಕೊನೆಗೆ, "ಅವ್ವ ಸೂಜಿ ಬ್ಯಾಡ ಅಂದಳು. ನಾ ಕೂಸಿನ ಮಾರಿ ನೋಡಿ ಹೋಗ್ರಿ ಅಂದೆ. ಇಂವ ಬರದ. ಮೂರು ಮಂದಿ ಕೂಡಿ ಕಳಿಸಿದ್ವಿ" ಎಂದು ಮತ್ತೆ ಜೋಳ ಕೇರತೊಡಗಿದಳು. ಅಕ್ಕ ತನ್ನನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಂಡಿದ್ದಾಳೆಂದು ನನಗೆ ಗೊತ್ತಾದದ್ದು ಅಂದೇ. ಅಂಬಿಕಾ ಊಟಕ್ಕೆ ಬರಲಿಲ್ಲ. ಮರುದಿನ ನನಗೆ ಹೇಳದೆ ಲಿಂಗಸುಗೂರಿಗೆ ಹೋದಳು.

ಮೂರು ವಾರ ಕಳೆದ ಮೇಲೆ ಸಂತೆಕಲ್ಲೂರಿನ ಶಾಲೆಗೆ ಸೂಜಿ ಹಾಕುವವರು ಬಂದರು. ದೊಡ್ಡ ಸಿಸ್ಟರ ಹಿಂದೆ ಐಸಿನ ಡಬ್ಬಿ ಹೊತ್ತು ಅಂಬಿಕಾ ಇಳಿದಳು. ನನ್ನತ್ತ ನೋಡಲಿಲ್ಲ. ಮಕ್ಕಳು ಸಾಲು ನಿಂತರು. ಆ ಸಿಸ್ಟರು ಈ ಕಡೆಗೆ ಹೊಸಬರು. ಕರಿಹಲಗೆಯ ಮೇಲಿನ ನನ್ನ ಬರಹ ನೋಡಿ ಖುಷಿಯಾಗಿ ಕಾರ್ಡುಗಳ ಕಟ್ಟು ಮುಂದಿಟ್ಟರು.

"ಮಾಸ್ತರ್ರ, ಅಕ್ಷರ ಭಾರಿ ಅದಾವ್ರಿ ನಿಮ್ಮವು. ನಾವು ಸೂಜಿ ಹಾಕೋದ್ರಾಗ ನೀವು ಹೆಸರು, ತಾರೀಖು ಎಲ್ಲಾ ಬರದುಬಿಡ್ರಿ. ಲಗೂನ ಆಕ್ಕೈತಿ."

ಪೆನ್ನು ನನ್ನ ಕೈಗೆ ಬಂದಿತ್ತು. ಅಂಬಿಕಾ ಬಂದು ಆ ಪೆನ್ನನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ಬ್ಯಾಡ್ರಿ ಸಿಸ್ಟರ್. ಮಾಮನ ಅಕ್ಷರ ಬ್ಯಾಡ. ನಾ ಬರೀತೀನಿ." ಆಮೇಲೆ ನನ್ನ ಕಡೆ ತಿರುಗಿದಳು. "ಮೊದಲ ತೋಳು ಕೊಡು. ಬರಿಯೋದು ಆಮ್ಯಾಲ."

ಅಂಗಿ ಮಡಚಿದೆ. ಅವಳ ಕೈ ಇನ್ನೂ ಪಳಗಿಲ್ಲ, ನೋವಾಯಿತು. ಹತ್ತಿ ಒತ್ತಿ ಹಿಡಿದು, ನನ್ನ ತೋಳನ್ನು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಮೇಜಿಗೆ ಬಾಗಿ ಒಂದು ಕಾರ್ಡಿನ ಮೇಲೆ ನನ್ನ ಹೆಸರು ಬರೆದುಕೊಟ್ಟಳು. ಒಂದು ಗೆರೆಯಲ್ಲಿ ಶುರುವಾಗಿ ಮೂರನೆಯ ಗೆರೆಗೆ ಇಳಿದ, ಅವಳಪ್ಪನ ಕಾಗದದಲ್ಲಿದ್ದಂಥದೇ ಸೊಟ್ಟ ಅಕ್ಷರ. ತಾರೀಖು ಅವತ್ತಿನದೇ ಇತ್ತು.